ನಡೆಯುತ್ತಿದ್ದ ಆಟವನ್ನು 2014ರ ನಿಯಮದಿಂದ 2024ಕ್ಕೆ ದಾಟಿಸಿದ ಬಗೆ

ಮೈಸೂರಿನ ನಮ್ಮ ಗುಂಪಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ನಡೆಸುವ ಆಟ) ಆಡುವವರು ನಾಲ್ಕು ಜನ, ಕಥೆಯನ್ನೂ ಶತ್ರುಗಳನ್ನೂ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ನಾನು. ಕಥೆಯನ್ನು ನಡುವೆ ನಿಲ್ಲಿಸದೆ, ಪಾತ್ರಗಳನ್ನು ಬದಲಿಸದೆ, 2014ರ ಐದನೇ ಆವೃತ್ತಿಯಿಂದ 2024ರ ಪರಿಷ್ಕೃತ ನಿಯಮಗಳಿಗೆ ಬಂದೆವು. ಹೊಸದಾಗಿ ಸೇರಿದ ನಿಯಮಗಳಿಂದ ಅಷ್ಟೇನೂ ತೊಂದರೆಯಿಲ್ಲ, ಅವನ್ನು ಎಲ್ಲರೂ ಓದಿಕೊಂಡು ಬರುತ್ತಾರೆ. ಆಟ ಕೆಡುವುದು ಹೆಸರು ಹಾಗೇ ಉಳಿದು ಒಳಗಿನ ಲೆಕ್ಕ ಬದಲಾದ ಕಡೆ. ಗೊತ್ತಿದೆ ಎಂದುಕೊಂಡ ನಿಯಮವನ್ನು ಯಾರೂ ಪುಸ್ತಕ ತೆಗೆದು ನೋಡುವುದಿಲ್ಲ. ಚೌಕಾಬಾರದಲ್ಲಿ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಹುದೋ ಇಲ್ಲವೋ ಎಂದು ಕವಡೆ ಹಾಕುವ ಮೊದಲೇ ಮಾತಾಡಿಕೊಳ್ಳುತ್ತೇವಲ್ಲ, ಇಲ್ಲೂ ಅಷ್ಟೇ ಕಟ್ಟುನಿಟ್ಟು ಬೇಕು.

ಪ್ಲೇಯರ್ಸ್ ಹ್ಯಾಂಡ್‌ಬುಕ್ 2024ರ ಸೆಪ್ಟೆಂಬರ್‌ನಲ್ಲಿ ಬಂತು, ಡಂಜನ್ ಮಾಸ್ಟರ್ಸ್ ಗೈಡ್ ನವೆಂಬರ್‌ನಲ್ಲಿ, ಮಾನ್‌ಸ್ಟರ್ ಮ್ಯಾನುಯಲ್ 2025ರ ಫೆಬ್ರವರಿಯಲ್ಲಿ. ಮೂರನ್ನೂ ಕೊಳ್ಳಲೇಬೇಕೆಂದಿಲ್ಲ. 2025ರ ಏಪ್ರಿಲ್‌ನಲ್ಲಿ ಎಸ್‌ಆರ್‌ಡಿ 5.2 ಎಂಬ ಮೂಲ ನಿಯಮಗಳ ಸಂಗ್ರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದಿದೆ, ಪುಕ್ಕಟೆ ಪಿಡಿಎಫ್. ಪಾತ್ರದ ಕಸುಬನ್ನು ಹೇಳುವ ಹನ್ನೆರಡೂ ಕ್ಲಾಸ್‌ಗಳಿವೆ, ಒಂದೊಂದಕ್ಕೆ ಒಂದೇ ಸಬ್‌ಕ್ಲಾಸ್ (ಕ್ಲಾಸ್‌ನೊಳಗಿನ ಕವಲು). ಪೂರ್ತಿ ಪ್ರಿಂಟ್ ತೆಗೆಸಿ ದುಡ್ಡು ಕಳೆಯಬೇಡಿ. ಅಕ್ಷರಕ್ರಮದಲ್ಲಿರುವ ರೂಲ್ಸ್ ಗ್ಲಾಸರಿ ಭಾಗವನ್ನು ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ಎರಡು ಬದಿಗೆ ತೆಗೆಸಿ ಮೇಜಿನ ನಡುವೆ ಇಡಿ. ಆಟದ ಹೊತ್ತಿನಲ್ಲಿ ನೂರಕ್ಕೆ ತೊಂಬತ್ತು ಜಗಳ ಅಲ್ಲೇ ಮುಗಿಯುತ್ತದೆ.

ದಾಟಲು ಒಳ್ಳೆಯ ಸಮಯ ಎಲ್ಲರೂ ಮೂರನೇ ಲೆವೆಲ್ ಮುಟ್ಟಿ ಒಂದು ಲಾಂಗ್ ರೆಸ್ಟ್ (ಪಾತ್ರಗಳ ಪೂರ್ಣ ವಿಶ್ರಾಂತಿ) ಮುಗಿಸಿದಾಗ. ಕಾರಣವಿದೆ. 2014ರಲ್ಲಿ ಕ್ಲೆರಿಕ್, ಸಾರ್ಸರರ್, ವಾರ್ಲಾಕ್ ಎಂಬ ಕ್ಲಾಸ್‌ಗಳಿಗೆ ಸಬ್‌ಕ್ಲಾಸ್ ಒಂದನೇ ಲೆವೆಲ್‌ಗೇ ಸಿಗುತ್ತಿತ್ತು, ವಿಝರ್ಡ್ ಮತ್ತು ಡ್ರೂಯಿಡ್‌ಗೆ ಎರಡಕ್ಕೆ. ಈಗ ಎಲ್ಲರಿಗೂ ಮೂರಕ್ಕೆ. ಅದಕ್ಕಿಂತ ಮೊದಲೇ ದಾಟಿದರೆ ಕ್ಲೆರಿಕ್ ಆಡುವವರ ಕೈಯಿಂದ ಇದ್ದ ಶಕ್ತಿಯನ್ನು ಕಿತ್ತುಕೊಂಡ ಹಾಗಾಗುತ್ತದೆ.

ಕ್ಯಾರೆಕ್ಟರ್ ಶೀಟ್ ತಿದ್ದುವಾಗ ಮೊದಲ ಕೆಲಸ ಕಳೆಯುವುದು, ಕೂಡುವುದಲ್ಲ. ಎಬಿಲಿಟಿ (ಬಲ, ಚುರುಕು, ಬುದ್ಧಿಯಂಥ ಗುಣ) ಅಂಕಗಳ ಹೆಚ್ಚಳ ಹಿಂದೆ ಪಾತ್ರದ ಕುಲವಾದ ರೇಸ್‌ನಿಂದ ಬರುತ್ತಿತ್ತು, ಈಗ ಪಾತ್ರದ ಹಿಂದಿನ ಬದುಕನ್ನು ಹೇಳುವ ಬ್ಯಾಕ್‌ಗ್ರೌಂಡ್‌ನಿಂದ ಬರುತ್ತದೆ. ಅದು ಸೂಚಿಸುವ ಮೂರು ಎಬಿಲಿಟಿಗಳಲ್ಲಿ ಒಂದಕ್ಕೆ 2, ಇನ್ನೊಂದಕ್ಕೆ 1, ಅಥವಾ ಮೂರಕ್ಕೂ ಒಂದೊಂದು. ಹಳೆಯದನ್ನು ಕಳೆಯದೆ ಹೊಸದನ್ನು ಸೇರಿಸಿದರೆ ಪಾತ್ರಕ್ಕೆ ಎರಡು ಸಲ ಲಾಭ. ನಮ್ಮ ಹೈ ಎಲ್ಫ್ ವಿಝರ್ಡ್‌ನ ಲೆಕ್ಕ ನೋಡಿ: ಡೆಕ್ಸ್‌ಟೆರಿಟಿ (ಚುರುಕು) 16, ಇಂಟೆಲಿಜೆನ್ಸ್ (ಬುದ್ಧಿ) 16, ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 13. ರೇಸ್‌ನ ಹೆಚ್ಚಳ ಕಳೆದರೆ 14, 15, 13. ಸೇಜ್ ಬ್ಯಾಕ್‌ಗ್ರೌಂಡ್ ಡೆಕ್ಸ್‌ಟೆರಿಟಿಗೆ ಏನೂ ಕೊಡುವುದಿಲ್ಲ. ಹಾಗಾಗಿ ಇಂಟೆಲಿಜೆನ್ಸ್ 17, ಕಾನ್‌ಸ್ಟಿಟ್ಯೂಷನ್ 14 ಆಯಿತು, ಡೆಕ್ಸ್‌ಟೆರಿಟಿ 14ರಲ್ಲೇ ನಿಂತಿತು. ಮೇಜ್ ಆರ್ಮರ್ ಮಂತ್ರ ಹಾಕಿದಾಗಿನ ಆರ್ಮರ್ ಕ್ಲಾಸ್ (ಏಟು ತಗುಲಲು ಶತ್ರು ಮುಟ್ಟಬೇಕಾದ ಸಂಖ್ಯೆ) 16ರಿಂದ 15ಕ್ಕೆ ಇಳಿಯಿತು, ಮೂರನೇ ಲೆವೆಲ್‌ನಲ್ಲಿ ಹಿಟ್ ಪಾಯಿಂಟ್ (ಪೆಟ್ಟು ತಾಳುವ ಶಕ್ತಿ) 3 ಹೆಚ್ಚಾಯಿತು. ಇದನ್ನು ಆಟಗಾರರಿಗೆ ಮೊದಲೇ ತೋರಿಸಿ. ಹೊಡೆತ ತಿಂದ ಮೇಲೆ ಗೊತ್ತಾದರೆ ಬೇಸರವಾಗುತ್ತದೆ. ಬ್ಯಾಕ್‌ಗ್ರೌಂಡ್ ಜೊತೆ ಆರಿಜಿನ್ ಫೀಟ್ ಎಂಬ ಒಂದು ವಿಶೇಷ ಸಾಮರ್ಥ್ಯ ಕೂಡ ಸಿಗುತ್ತದೆ, ಬರೆದುಕೊಳ್ಳಲು ಮರೆಯಬೇಡಿ. ಹಾಫ್-ಎಲ್ಫ್‌ನಂತೆ ಹೊಸ ಪುಸ್ತಕದಲ್ಲಿ ಇಲ್ಲದ ರೇಸ್‌ಗಳನ್ನು ಹಳೆಯ ಪುಸ್ತಕದಿಂದಲೇ ಆಡಬಹುದು, ಅದರ ಎಬಿಲಿಟಿ ಹೆಚ್ಚಳವನ್ನು ಮಾತ್ರ ಬಿಡಬೇಕು.

ಇನ್ನು ಹೆಸರು ಬದಲಾಗದ ನಿಯಮಗಳು. ಎಲ್ಲಕ್ಕಿಂತ ಹೆಚ್ಚು ವಾದ ಹುಟ್ಟಿಸುವುದು ಪ್ಯಾಲಡಿನ್ ಎಂಬ ಯೋಧನ ಏಟಿಗೆ ಹೆಚ್ಚುವರಿ ಪೆಟ್ಟು ಸೇರಿಸುವ ಡಿವೈನ್ ಸ್ಮೈಟ್. ಮೊದಲು ಏಟು ಬಿದ್ದಾಗಲೆಲ್ಲ ಸ್ಲಾಟ್ (ಮಂತ್ರ ಹಾಕಲು ಸಿಗುವ ಎಣಿಕೆಯ ಅವಕಾಶ) ಸುರಿಯಬಹುದಿತ್ತು. ಐದನೇ ಲೆವೆಲ್‌ನಲ್ಲಿ ಎರಡು ಏಟೂ ತಗುಲಿ, ಎರಡಕ್ಕೂ ಎರಡನೇ ದರ್ಜೆಯ ಸ್ಲಾಟ್ ಹಾಕಿದರೆ 8 ಮುಖದ ಆರು ದಾಳ ಹೆಚ್ಚುವರಿ. ಈಗ ಅದು ಸ್ಪೆಲ್ (ಮಂತ್ರ), ಬೋನಸ್ ಆಕ್ಷನ್ (ಸರದಿಗೆ ಒಂದೇ ಸಿಗುವ ಕಿರು ಕ್ರಿಯೆ) ಬೇಕು, ಹಾಗಾಗಿ ಒಂದು ಸರದಿಗೆ ಒಂದೇ, ಮೂರು ದಾಳ. ಬೋನಸ್ ಆಕ್ಷನ್ ನಮ್ಮ ಸರದಿಯಲ್ಲಿ ಮಾತ್ರ ಇರುವುದರಿಂದ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವ ಶತ್ರುವಿಗೆ ಅವನ ಸರದಿಯಲ್ಲೇ ಕೊಡುವ ಏಟು) ಮೇಲೆ ಸ್ಮೈಟ್ ಹೋಯಿತು. ಹೀಲಿಂಗ್ ಪೋಷನ್ ಕುಡಿಯುವುದೂ, ಮುಟ್ಟಿ ಗುಣಪಡಿಸುವ ಲೇ ಆನ್ ಹ್ಯಾಂಡ್ಸ್ ಕೂಡ ಈಗ ಬೋನಸ್ ಆಕ್ಷನ್. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಇದು ಒಳ್ಳೆಯ ಬದಲಾವಣೆ. ದೊಡ್ಡ ಶತ್ರು ಮೊದಲ ಸುತ್ತಿನಲ್ಲೇ ಮಲಗುವುದು ತಪ್ಪಿತು, ಉಳಿದವರಿಗೂ ಕೆಲಸ ಸಿಕ್ಕಿತು.

ಸರ್‌ಪ್ರೈಸ್ ಆದವರು ಹಿಂದೆ ಮೊದಲ ಸರದಿಯನ್ನೇ ಕಳೆದುಕೊಳ್ಳುತ್ತಿದ್ದರು, ಈಗ ಸರದಿಯ ಕ್ರಮ ನಿರ್ಧರಿಸುವ ಇನಿಶಿಯೇಟಿವ್ ದಾಳಕ್ಕೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಡಿಮೆಯದನ್ನು ಹಿಡಿಯುವುದು) ಅಷ್ಟೇ. ಹೊಂಚು ಹಾಕುವ ಯೋಜನೆಯನ್ನೇ ನಂಬಿದ ಗುಂಪಿಗೆ ಇದನ್ನು ಎರಡು ಸಲ ಹೇಳಿ. ಕೌಂಟರ್‌ಸ್ಪೆಲ್ ಮೂರನೇ ದರ್ಜೆಯವರೆಗಿನ ಮಂತ್ರವನ್ನು ತಾನೇ ತಡೆಯುತ್ತಿತ್ತು. ಈಗ ತಡೆಗೆ ಸಿಕ್ಕ ಮಂತ್ರ ಹಾಕುವವರು ಕಾನ್‌ಸ್ಟಿಟ್ಯೂಷನ್ ಸೇವ್ (ಪರಿಣಾಮದಿಂದ ಪಾರಾಗಲು ಹಾಕುವ ದಾಳ) ಹಾಕುತ್ತಾರೆ, ಸೋತರೂ ಅವರ ಸ್ಲಾಟ್ ಉಳಿಯುತ್ತದೆ. ಎಕ್ಸಾಷನ್, ಅಂದರೆ ಬಳಲಿಕೆಯ, ಹಳೆಯ ಆರು ಮೆಟ್ಟಿಲಿನ ಪಟ್ಟಿ ಹೋಗಿ, ಪ್ರತಿ ಮೆಟ್ಟಿಲಿಗೆ 20 ಮುಖದ ದಾಳದಿಂದ 2 ಕಳೆ, ವೇಗದಿಂದ 5 ಅಡಿ ಕಳೆ ಎಂದಾಯಿತು. ಆರಕ್ಕೆ ಸಾವು, ಅದು ಮಾತ್ರ ಹಾಗೇ ಇದೆ. ಹಿಡಿದುಕೊಳ್ಳುವ ಗ್ರ್ಯಾಪಲ್‌ಗೆ ಇಬ್ಬರೂ ದಾಳ ಹಾಕಿ ಹೋಲಿಸುವುದು ನಿಂತಿತು. ಎದುರಾಳಿ ಸ್ಟ್ರೆಂತ್ ಅಥವಾ ಡೆಕ್ಸ್‌ಟೆರಿಟಿ ಸೇವ್ ಹಾಕಿದರೆ ಮುಗಿಯಿತು. ಗಾಯ ಮಾಯಿಸುವ ಕ್ಯೂರ್ ವೂಂಡ್ಸ್‌ಗೆ 8 ಮುಖದ ಒಂದು ದಾಳವಿತ್ತು, ಈಗ ಎರಡು. ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ‘ಹಿಂದೆ’, ‘ಈಗ’ ಎಂದು ಎರಡು ಸಾಲು ಮಾಡಿ ಬರೆದು ಪ್ರತಿ ಆಟಗಾರರಿಗೂ ಒಂದು ಪ್ರತಿ ಕೊಟ್ಟೆ.

ಆಯುಧಗಳಿಗೆ ಒಂದೊಂದು ವಿಶೇಷ ಪರಿಣಾಮ ಕೊಡುವ ವೆಪನ್ ಮಾಸ್ಟರಿ ಹೊಸದು, ಆದರೆ ಆಟವನ್ನು ನಿಧಾನ ಮಾಡುತ್ತದೆ. ಮಾಲ್ (ದೊಡ್ಡ ಸುತ್ತಿಗೆ) ಹಿಡಿದವರ, ಎದುರಾಳಿಯನ್ನು ಕೆಡವುವ ಟಾಪಲ್‌ನಿಂದ ಪ್ರತಿ ಏಟಿಗೂ ಒಂದು ಸೇವ್. ಏಟು ಹೇಳುವಾಗಲೇ ಆಟಗಾರರು ಸೇವ್‌ನ ಸಂಖ್ಯೆಯನ್ನೂ ಹೇಳಲಿ: 8ಕ್ಕೆ ಎಬಿಲಿಟಿ ಮಾಡಿಫೈಯರ್ (ಎಬಿಲಿಟಿ ಅಂಕದಿಂದ ಸಿಗುವ ಹೆಚ್ಚುವರಿ), ಪ್ರೊಫಿಷಿಯೆನ್ಸಿ (ಲೆವೆಲ್‌ನಿಂದ ಸಿಗುವ ಹೆಚ್ಚುವರಿ) ಕೂಡಿಸಿದರೆ ಬರುವುದು. ಲಾಂಗ್‌ಸ್ವರ್ಡ್‌ನ ಸ್ಯಾಪ್, ಲಾಂಗ್‌ಬೋದ ಸ್ಲೋ, ರೇಪಿಯರ್‌ನ ವೆಕ್ಸ್, ಈ ಪರಿಣಾಮಗಳು ಯಾರ ಮೇಲಿವೆ ಎಂಬುದು ಮರೆತುಹೋಗುತ್ತದೆ. ಮಕ್ಕಳ ಸಣ್ಣ ಬಳೆಗಳು, ಒಂದೊಂದಕ್ಕೆ ಒಂದು ಬಣ್ಣ, ಮೇಜಿನ ಮೇಲೆ ಅವರನ್ನು ಸೂಚಿಸುವ ಬೊಂಬೆಯ ಸುತ್ತ ಹಾಕಿಟ್ಟರೆ ಸಾಕು.

ರಾಕ್ಷಸರ ಲೆಕ್ಕದಲ್ಲಿ ಹೆಚ್ಚು ಎಚ್ಚರ ಬೇಕು. ಹಳೆಯ ಗೈಡ್‌ನಲ್ಲಿ ಶತ್ರುಗಳ ಎಕ್ಸ್‌ಪಿ (ಗೆದ್ದರೆ ಸಿಗುವ ಅನುಭವದ ಅಂಕ) ಕೂಡಿಸಿ ಸಂಖ್ಯೆಗೆ ತಕ್ಕ ಗುಣಕದಿಂದ ಗುಣಿಸಬೇಕಿತ್ತು: ಎರಡಿದ್ದರೆ 1.5, ಮೂರರಿಂದ ಆರಕ್ಕೆ 2, ಏಳರಿಂದ ಹತ್ತಕ್ಕೆ 2.5. ಹೊಸದರಲ್ಲಿ ಗುಣಕವೇ ಇಲ್ಲ. ಮೂರನೇ ಲೆವೆಲ್‌ನ ನಾಲ್ವರಿಗೆ ಹೊಸ ಬಜೆಟ್ (ಒಂದು ಕಾಳಗಕ್ಕೆ ಇಡಬಹುದಾದ ಎಕ್ಸ್‌ಪಿ) ಲೋ 600, ಮಾಡರೇಟ್ 900, ಹೈ 1600. ಎಂಟು ತೋಳಗಳನ್ನು ಇಟ್ಟರೆ, ಒಂದಕ್ಕೆ 50ರಂತೆ 400. ಲೋ ಮಟ್ಟವನ್ನೂ ಮುಟ್ಟಲಿಲ್ಲ. ಹಳೆಯ ಲೆಕ್ಕದಲ್ಲಿ ಅದೇ 1000 ಆಗಿ ಹಾರ್ಡ್ ಎಂಬ 900ರ ಗೆರೆ ದಾಟುತ್ತದೆ. ಅದರ ಮೇಲೆ ಹೊಸ ತೋಳದ ಕಚ್ಚುವಿಕೆಯ ಪೆಟ್ಟು ಸರಾಸರಿ 7ರಿಂದ 5ಕ್ಕೆ ಇಳಿದಿದ್ದರೂ, ಕಚ್ಚಿದರೆ ಮೀಡಿಯಂ ಗಾತ್ರದವರು ಸೇವ್ ಇಲ್ಲದೆ ನೆಲಕ್ಕೆ ಬೀಳುತ್ತಾರೆ. ಹಿಂದೆ 11ರ ಸ್ಟ್ರೆಂತ್ ಸೇವ್ ಇತ್ತು. ಬಿದ್ದವರು ಏಳಲು ಅರ್ಧ ವೇಗ ಕಳೆದುಕೊಂಡರೆ ತಪ್ಪಿಸಿಕೊಳ್ಳುವುದು ಕಷ್ಟ, ಜೊತೆಗಾರ ಪಕ್ಕದಲ್ಲಿದ್ದಾಗ ಸಿಗುವ ಪ್ಯಾಕ್ ಟ್ಯಾಕ್ಟಿಕ್ಸ್‌ನಿಂದ ಮುಂದಿನ ತೋಳಕ್ಕೆ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದು) ಹೇಗೂ ಇದೆ. ಆದ್ದರಿಂದ ಶತ್ರುಗಳು ಪಾತ್ರಗಳಿಗಿಂತ ಹೆಚ್ಚಿದ್ದಾಗ ಹಳೆಯ ಗುಣಕವನ್ನೂ ಹಾಕಿ ನೋಡುತ್ತೇನೆ, ಎರಡರಲ್ಲಿ ಕಠಿಣವಾದದ್ದನ್ನೇ ನಂಬುತ್ತೇನೆ. ಒಂದೆರಡು ಶತ್ರುಗಳಿದ್ದರೆ ಹೊಸ ಬಜೆಟ್ ಸರಿಯಾಗಿಯೇ ಕೆಲಸ ಮಾಡುತ್ತದೆ.

2003ರ 3.5 ಆವೃತ್ತಿಯ ಸಾಹಸಗಳು ಕೈಯಲ್ಲಿದ್ದರೆ ಅಂಕಿಗಳನ್ನು ಪರಿವರ್ತಿಸಲು ಹೋಗಬೇಡಿ. ಅಲ್ಲಿ ಹತ್ತನೇ ಲೆವೆಲ್ ಫೈಟರ್‌ಗೆ ಏಟಿನ ದಾಳಕ್ಕೆ ಕೂಡಿಸುವ ಬೇಸ್ ಅಟ್ಯಾಕ್ ಬೋನಸ್ 10, ಇಲ್ಲಿ ಪ್ರೊಫಿಷಿಯೆನ್ಸಿ ಬರೀ 4. ನಕ್ಷೆ ಮತ್ತು ಕಥೆ ಇಟ್ಟುಕೊಂಡು, ರಾಕ್ಷಸರನ್ನು ಅದೇ ಹೆಸರಿನಲ್ಲಿ ಹೊಸ ಪುಸ್ತಕದಿಂದ ತೆಗೆದುಕೊಳ್ಳಿ.

ಡ್ರೂಯಿಡ್ ಆಡುವವರು ಕಾಂಜ್ಯೂರ್ ಅನಿಮಲ್ಸ್ ಮಂತ್ರ ಹಳೆಯದೇ ಇರಲಿ ಎಂದು ಕೇಳುತ್ತಾರೆ. ಹಳೆಯದರಿಂದ ಎಂಟು ಪ್ರಾಣಿಗಳನ್ನು ಕರೆಯಬಹುದಿತ್ತು, ಎಂಟಕ್ಕೂ ಬೇರೆ ಬೇರೆ ದಾಳ, ಉಳಿದವರು ಕೈಕಟ್ಟಿ ಕೂರಬೇಕು. ಹೊಸದು ಒಂದೇ ಗುಂಪಾಗಿ ಚಲಿಸುತ್ತದೆ, ಹತ್ತಿರ ಸಿಕ್ಕವರು ಡೆಕ್ಸ್‌ಟೆರಿಟಿ ಸೇವ್ ಹಾಕುತ್ತಾರೆ. ನಮ್ಮ ಮೇಜಿನಲ್ಲಿ ಹೊಸದೇ ನಡೆಯುತ್ತದೆ.