ತುಟಿಯಿಲ್ಲದ ಹಕ್ಕಿಗೆ ಮಾತು ಕೊಟ್ಟ ಬಗೆ

ಮಕ್ಕಳಿಗಾಗಿ ಬರೆಯುತ್ತಿರುವ ಕಾದಂಬರಿಯೊಂದರಲ್ಲಿ, ಏಳು ಕೆರೆಗಳ ಕಲ್ಪಿತ ನಾಡಿನಲ್ಲಿ ದಾರಿ ತಪ್ಪಿದ ಹುಡುಗನಿಗೆ ಜೊತೆಯಾಗುವ, ಮಾತನಾಡಬಲ್ಲ ಜ್ಞಾನಿ ಹಕ್ಕಿಯೊಂದು ನನಗೆ ಬೇಕಾಗಿತ್ತು. ನಮ್ಮ ಭಾಗದಲ್ಲಿ ಅಂಥ ಹಕ್ಕಿಗಳಿಗೆ ಕೊರತೆಯಿಲ್ಲ. ಬುಡಬುಡಕಿಯವರು ನಸುಕಿನಲ್ಲಿ ಮನೆ ಮುಂದೆ ನಿಂತು ಹಾಲಕ್ಕಿ ಶುಭ ನುಡಿಯಿತೆಂದು ಸಾರುತ್ತಾರೆ. ಗಿಣಿಶಾಸ್ತ್ರದವರ ಗಿಣಿ ಚೀಟಿ ಎತ್ತಿಕೊಡುತ್ತದೆ. ಆದರೆ ಇವೆರಡೂ ಮುಂದಾಗುವುದನ್ನು ತಿಳಿಸುವ ಹಕ್ಕಿಗಳು. ನಾನು ಹುಡುಕುತ್ತಿದ್ದುದು ತಾನು ಕಂಡದ್ದನ್ನು ಹೇಳುವ ಹಕ್ಕಿಯನ್ನು.

ಆದ್ದರಿಂದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವ ಪಟ್ಟೆತಲೆ ಹೆಬ್ಬಾತನ್ನು ಆರಿಸಿಕೊಂಡೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಅವು ಹಿಮಾಲಯವನ್ನು ದಾಟಿ ಬರುತ್ತವೆ. ಈ ಜಾತಿಯ ಬಾತುಗಳು 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ, ಅಷ್ಟು ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಗುಣ ಅವುಗಳ ರಕ್ತಕ್ಕಿದೆ. ಅಷ್ಟು ಎತ್ತರದಿಂದ ನೆಲವನ್ನು ನೋಡಿದ ಜೀವಿಗೆ ಜ್ಞಾನವನ್ನು ಹೊರಗಿನಿಂದ ಹೊರಿಸಬೇಕಾಗಿಲ್ಲ. ಗಾಳಿ, ನೀರು, ಇರುಳು ಅದಕ್ಕೆ ಗೊತ್ತು. ಬೀಗ, ಸಾಲ, ಸಂತೆ ಗೊತ್ತಿಲ್ಲ.

ಕಷ್ಟವಾದದ್ದು ದನಿ. ಹಕ್ಕಿಯ ದನಿ ಹುಟ್ಟುವುದು ನಮ್ಮಂತೆ ಶ್ವಾಸನಾಳದ ಮೇಲ್ತುದಿಯಲ್ಲಲ್ಲ, ಅದು ಎರಡಾಗಿ ಕವಲೊಡೆಯುವ ಕೆಳತುದಿಯಲ್ಲಿ. ಅದಕ್ಕೆ ತುಟಿಯೂ ಇಲ್ಲ. ಪಳಗಿದ ಗಿಣಿ ತುಟಿಯಿಲ್ಲದೆಯೇ ನಮ್ಮ ಮಾತನ್ನು ಅನುಕರಿಸುತ್ತದೆ ನಿಜ, ಆದರೆ ಬಾತು ಗಿಣಿಯಲ್ಲ. ಹೀಗಾಗಿ ತುಟಿ ಮುಚ್ಚದೆ ಹುಟ್ಟದ ಪ, ಫ, ಬ, ಭ, ಮ ಈ ಐದನ್ನೂ ಅದರ ಮಾತಿನಿಂದ ತೆಗೆದುಬಿಟ್ಟೆ. ತುಟಿಯಿಂದ ಹುಟ್ಟುವ ಅಕ್ಷರಗಳನ್ನು ಬಿಟ್ಟು ಬರೆಯುವ ನಿರೋಷ್ಠ್ಯ ರಚನೆ ನಮ್ಮ ಕಾವ್ಯಪರಂಪರೆಗೆ ಹೊಸದಲ್ಲ. ಶಾಸ್ತ್ರದ ಪ್ರಕಾರ ಉ, ಊ ಸ್ವರಗಳೂ ವಕಾರವೂ ತುಟಿಯ ನೆರವು ಬೇಡುತ್ತವೆ, ಆದರೆ ಅವನ್ನೂ ಬಿಟ್ಟರೆ ಉಕಾರದಲ್ಲಿ ಮುಗಿಯುವ ಕನ್ನಡದ ಅರ್ಧ ಮಾತು ಕೈತಪ್ಪುತ್ತಿತ್ತು.

ಈ ನಿಯಮ ಪಾತ್ರವನ್ನೇ ರೂಪಿಸಿತು. ‘ಬೇಕು’, ‘ಬೇಡ’ ಎರಡೂ ಹೋದವು. ಹೀಗೆ ಮಾಡಬೇಕು, ಹಾಗೆ ಮಾಡಬಾರದು ಎಂದು ಹಕ್ಕಿ ಉಪದೇಶಿಸುವಂತೆಯೇ ಇರಲಿಲ್ಲ. ‘ಬಾ’ ಎನ್ನಲಾಗದು, ಆದ್ದರಿಂದ ಮುಂದೆ ಹಾರಿ ಕಾಯುತ್ತದೆ. ‘ಮಗು’ ಇಲ್ಲ, ‘ಕೂಸ’ ಇದೆ. ಜನ ಕರೆಯುವ ಹೆಬ್ಬಾತು ಎಂಬ ಹೆಸರನ್ನು ಅದು ತಾನೇ ಉಚ್ಚರಿಸಲಾರದು, ಹಾಗಾಗಿ ತನ್ನನ್ನು ‘ಹಿರಿಯಾಕಿ’ ಎಂದುಕೊಳ್ಳುತ್ತದೆ. ಹುಡುಗ ದಾರಿ ಕೇಳಿದಾಗ ಅದು ಹೇಳುವುದು ಇಷ್ಟು: “ಕೂಸ, ಆ ಗುಡ್ಡದಾಚಿ ನೀರೈತಿ. ನಿನ್ನಿ ರಾತ್ರಿ ಅದರಾಗ ಚಂದ್ರ ಹೊಳೀತಿದ್ದ. ನಾ ಕಂಡದ್ದು ಇಷ್ಟ.” ಹೋಗುವ ತೀರ್ಮಾನ ಹುಡುಗನ ಪಾಲಿಗೆ ಉಳಿಯುತ್ತದೆ. ಜ್ಞಾನಿ ಪಾತ್ರಗಳು ಬಾಯಿ ತೆರೆದರೆ ಸುಭಾಷಿತ ಸುರಿಸುವ ಕಥೆಗಳಿಗಿಂತ ಈ ಸಂಯಮವೇ ನನಗೆ ಹೆಚ್ಚು ಪ್ರಿಯ. ಹಸ್ತಪ್ರತಿಯನ್ನು ಓದಿ ಕೇಳಿಸಿದಾಗ ಅಕ್ಕನ ಮಗಳು, “ಮಾಮಾ, ಈ ಹಕ್ಕಿ ಬೈಯೂದ ಇಲ್ಲಲ್ಲ!” ಎಂದಳು.

ಇದನ್ನು ಪ್ರಯತ್ನಿಸುವವರು ಎರಡು ಕಡೆ ಎಚ್ಚರ ವಹಿಸಬೇಕು. ‘ತಮ್ಮ’, ‘ಹಬ್ಬ’ದಂಥ ಪದಗಳ ಒತ್ತಕ್ಷರದಲ್ಲಿ ಅಡಗಿದ ಅಕ್ಷರ ಕಣ್ಣಿಗೆ ಬೇಗ ಬೀಳುವುದಿಲ್ಲ, ಪದದ ಕೊನೆಯ ಅನುಸ್ವಾರವಂತೂ ಮಕಾರವಾಗಿಯೇ ನುಡಿಯುತ್ತದೆ. ಕಂಪ್ಯೂಟರಿನಲ್ಲಿ ಐದೂ ಅಕ್ಷರಗಳನ್ನು ಹುಡುಕಿದ ಮೇಲೆ, ಹಕ್ಕಿಯ ಪ್ರತಿಯೊಂದು ಮಾತನ್ನೂ ತುಟಿಗಳ ನಡುವೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದುತ್ತೇನೆ, ತುಟಿ ಬೆರಳನ್ನು ಒತ್ತಿದ ಪದವನ್ನು ಬದಲಿಸುತ್ತೇನೆ.