ಭಟ್ಟರು ಊರಿಗೆ ಹೋದರೂ ದೋಸೆ ನಿಲ್ಲಲಿಲ್ಲ: ದರ್ಶಿನಿ ಹುಡುಗರನ್ನು ತಯಾರು ಮಾಡಿದ ನನ್ನ ಅನುಭವ

ಕಳೆದ ದೀಪಾವಳಿಗೆ ನಮ್ಮ ಇಬ್ಬರು ದೋಸೆ ಭಟ್ಟರೂ ಒಟ್ಟಿಗೆ ಊರಿಗೆ ಹೋದರು. ವಾರದ ಮೇಲಾದರೂ ಬರಲಿಲ್ಲ. ಅಂಗಡಿಯಲ್ಲಿ ಒಂದು ದಿನವೂ ದೋಸೆ ನಿಲ್ಲಲಿಲ್ಲ. ದರ್ಶಿನಿ ನಡೆಸುವವರಿಗೆ ಇದರ ಬೆಲೆ ಗೊತ್ತು. 'ಕೆಲಸ ಕಲಿಸಬೇಡ, ಕಲಿತವನು ಎದುರು ಹೋಟೆಲಿಗೆ ಓಡ್ತಾನೆ' ಎಂದು ನನಗೆ ಬುದ್ಧಿ ಹೇಳಿದವರೆಲ್ಲ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಎರಡು ದರ್ಶಿನಿ. ನಿಂತು ತಿನ್ನುವ ಜಾಗ. ಬೆಳಿಗ್ಗೆ ಎಂಟರಿಂದ ಹತ್ತೂವರೆಯೊಳಗೆ ಒಂದೊಂದರಲ್ಲೂ ಐನೂರು ಚಿಲ್ಲರೆ ಬಿಲ್ಲು. ಎರಡೂ ಸೇರಿ ಮೂವತ್ತೈದು ಜನರ ಆಸುಪಾಸು. 1980ರ ದಶಕದಲ್ಲಿ ದರ್ಶಿನಿಗಳು ಶುರುವಾದಾಗ ಕುಂದಾಪುರ, ಉಡುಪಿ ಕಡೆಯ ಹುಡುಗರು ಬರುತ್ತಿದ್ದರು. ಜೊತೆಗೆ ಒಬ್ಬ ಚಿಕ್ಕಪ್ಪನೋ ಊರಿನವನೋ ಇರುತ್ತಿದ್ದ, ಬೈದು ಕಲಿಸುತ್ತಿದ್ದ. ಟ್ರೇನಿಂಗ್ ಅಂದರೆ ಅದೇ ಆಗಿತ್ತು. ಈಗ ನಮ್ಮಲ್ಲಿ ಒಡಿಶಾ, ಅಸ್ಸಾಂ, ಜಾರ್ಖಂಡ್ ಹುಡುಗರೇ ಜಾಸ್ತಿ. ತಟ್ಟೆ ತೊಳೆಯುವವನಿಗೂ ತವಾ ಮುಂದೆ ನಿಂತವನಿಗೂ ಊರಿನ ನಂಟಿಲ್ಲ. ಆ ಚಿಕ್ಕಪ್ಪನ ಜಾಗ ಖಾಲಿ ಇದೆ. ನಾವು ತುಂಬಬೇಕಾದ್ದು ಅದನ್ನು.

ಮೊದಲು ಹಣ ಹೋದ ದಾರಿ ಹೇಳಿಬಿಡುತ್ತೇನೆ. ಸೂಟು ಹಾಕಿಕೊಂಡು ಬಂದ ಒಬ್ಬ ಟ್ರೇನರ್‌ಗೆ ಸುಮಾರು ನಲವತ್ತು ಸಾವಿರ ಕೊಟ್ಟೆ. ಗಿರಾಕಿಗೆ ಕೈಮುಗಿಯುವುದು, ನಗುವುದು, ಹೆಸರು ಕೇಳುವುದು. ಟೋಕನ್ ಹಿಡಿದು ಮೂವತ್ತು ಜನ ನಿಂತಿರುವಾಗ ಹೆಸರು ಕೇಳಲು ಯಾರಿಗೆ ಪುರುಸೊತ್ತು? ಆಮೇಲೆ ವಿಡಿಯೋ. ಕಾಫಿ, ಇಡ್ಲಿ, ಪೂರಿ, ಎಲ್ಲದಕ್ಕೂ ಎರಡೆರಡು ನಿಮಿಷದ್ದು, ಹಿಂದಿಯಲ್ಲಿ ಮಾತಾಡಿಸಿ ಮಾಡಿಸಿದೆ. ಇಪ್ಪತ್ತು ಸಾವಿರ ಹೋಯಿತು. ರೂಮಿಗೆ ಹೋಗಿ ಮಲಗುವ ಹೊತ್ತಿಗೆ ಹುಡುಗರು ನೋಡುವುದು ಊರಿನ ಹಾಡು, ನಮ್ಮ ಪೂರಿ ಅಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಒಬ್ಬ ಒಳ್ಳೆಯ ಹುಡುಗನನ್ನು ಇಪ್ಪತ್ತೆಂಟು ಸಾವಿರಕ್ಕೆ ಮ್ಯಾನೇಜರ್ ಮಾಡಿದೆ. ನಾಲ್ಕು ತಿಂಗಳು ನಿಲ್ಲಲಿಲ್ಲ. ತವಾ ಮುಂದೆ ಹತ್ತು ನಿಮಿಷ ನಿಲ್ಲಲಾಗದವನ ಮಾತು ಭಟ್ಟರು ಕೇಳಲ್ಲ. ಅದು ಆ ಹುಡುಗನ ತಪ್ಪಲ್ಲ.

ಕೆಲವರು ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳುತ್ತಾರೆ, ಓಡಿಹೋಗದಿರಲಿ ಅಂತ. ನಾನು ಆ ದಾರಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಓಡುವವನು ಅದನ್ನು ಬಿಟ್ಟೇ ಓಡುತ್ತಾನೆ. ಉಳಿಯುವವನ ಮನಸ್ಸು ಕೆಡುತ್ತದೆ.

ದಾರಿ ಸಿಕ್ಕಿದ್ದು ಅಕ್ಕನ ಮಗನಿಂದ. ಅವನು ಕಾಲೇಜಿಗೆ ಹೋಗುವಾಗ ಒಂದು ಬರ್ಗರ್ ಚೈನಿನಲ್ಲಿ ಪಾರ್ಟ್ ಟೈಂ ಮಾಡುತ್ತಿದ್ದ. ಅಲ್ಲಿ ಕಲಿಸುವವನು ಹೊರಗಿನವನಲ್ಲ, ಪಕ್ಕದಲ್ಲಿ ನಿಂತು ಕೆಲಸ ಮಾಡುವವನೇ. ಒಂದೊಂದು ಸ್ಟೇಷನ್‌ಗೂ ಒಂದು ಪಟ್ಟಿ. ಮೆಕ್‌ಡೊನಾಲ್ಡ್ಸ್‌ನವರು 1961ರಲ್ಲೇ ಇಲಿನಾಯ್‌ನ ಒಂದು ರೆಸ್ಟೋರೆಂಟಿನ ನೆಲಮಾಳಿಗೆಯಲ್ಲಿ ಹ್ಯಾಂಬರ್ಗರ್ ಯೂನಿವರ್ಸಿಟಿ ಎಂಬ ತಮ್ಮ ತರಬೇತಿ ಶಾಲೆ ಶುರು ಮಾಡಿದವರು, ಅಷ್ಟು ಹಳೆಯ ಅಭ್ಯಾಸ ಅವರದ್ದು. ಪಟ್ಟಿಯನ್ನು ನಾನು ಬಿಟ್ಟೆ. ಪಕ್ಕದವನು ಕಲಿಸುವುದನ್ನು ಹಿಡಿದುಕೊಂಡೆ.

ನಮ್ಮಲ್ಲಿ ಪ್ರತಿಯೊಬ್ಬನೂ ತನ್ನ ಪಕ್ಕದ ಕೌಂಟರ್ ಕಲಿಯಬೇಕು. ಕ್ಲೀನಿಂಗ್‌ನವನು ಪಾರ್ಸೆಲ್, ಪಾರ್ಸೆಲ್‌ನವನು ಇಡ್ಲಿ ವಡೆ, ಆಮೇಲೆ ಕಾಫಿ, ಕೊನೆಗೆ ತವಾ. ಎಲ್ಲರೂ ಕಲಿತವನಿಗೆ ಸಂಬಳ ಏರಿಸುತ್ತಾರೆ ಅಲ್ವಾ? ನಾನು ಕಲಿಸಿದವನಿಗೂ ದುಡ್ಡು ಕೊಟ್ಟೆ. ಶಿಷ್ಯ ಒಂದು ಬೆಳಗಿನ ರಶ್ಶನ್ನು ಒಬ್ಬನೇ ನಿಭಾಯಿಸಿದ ದಿನ ಗುರುವಿನ ಕೈಗೆ 1500. ಶಿಷ್ಯ ಮೂರು ತಿಂಗಳು ಕಳೆದರೂ ನಮ್ಮಲ್ಲೇ ಇದ್ದರೆ ಇನ್ನೊಂದು 1500. ಈ ಎರಡನೇ ಕಂತೇ ಕೆಲಸ ಮಾಡಿದ್ದು. ಹುಡುಗನಿಗೆ ಜ್ವರ ಬಂದರೆ ಮಾತ್ರೆ ತಂದುಕೊಡುವುದು, ರೂಮಿನ ಜಗಳ ಬಿಡಿಸುವುದು, ಎಲ್ಲ ಗುರುವೇ ನೋಡಿಕೊಳ್ಳತೊಡಗಿದ.

ಭಟ್ಟರು ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. 'ಕಲಿಸಿದ ಮೇಲೆ ನಮ್ಮನ್ನು ತೆಗೀತೀರಿ' ಎಂದರು. ಅವರ ಭಯ ನ್ಯಾಯವಾದದ್ದೇ. ಬೇರೆ ಕಡೆ ಹಾಗೆ ಆಗಿದೆ. ತವಾ ಕಲಿಸಿದ ಭಟ್ಟರ ಸಂಬಳ ಇಳಿಸುವುದಿಲ್ಲ, ರಜೆಗೂ ಪೂರ್ತಿ ಸಂಬಳ ಎಂದು ಚೀಟಿ ಬರೆದು ಸಹಿ ಹಾಕಿ ಕೊಟ್ಟೆ. ಆಮೇಲೆ ಕೈ ಬಿಚ್ಚಿ ಕಲಿಸಿದರು.

ಪಾಠ ಮಧ್ಯಾಹ್ನ ಮೂರರಿಂದ ನಾಲ್ಕು. ಅರ್ಧ ತವಾ ಮಾತ್ರ ಕಾಯಿಸುವುದು. ದಿನಕ್ಕೆ ನಾಲ್ಕೈದು ಲೀಟರ್ ಹಿಟ್ಟು ಇದಕ್ಕೇ ಎತ್ತಿಡುತ್ತಿದ್ದೆ. ಹರಿದ ದೋಸೆ ಹುಡುಗರ ತಿಂಡಿ. ಗ್ಯಾಸು, ಹಿಟ್ಟು, ಎಣ್ಣೆ ಸೇರಿ ಮೊದಲ ಎರಡು ತಿಂಗಳು ತಿಂಗಳಿಗೆ ಒಂಬತ್ತು ಹತ್ತು ಸಾವಿರ ಖರ್ಚು ಬಿತ್ತು. ಒಬ್ಬ ಭಟ್ಟರನ್ನು ಹೊರಗಿನಿಂದ ತರಲು ಅಡ್ವಾನ್ಸೇ ನಲವತ್ತು ಸಾವಿರ ಕೊಡುತ್ತಿದ್ದೆವು, ಏಜೆಂಟ್ ಕಮಿಷನ್ ಬೇರೆ. ತವಾಕ್ಕೆ ಹತ್ತಿಸುವ ಮೊದಲು ಹುಡುಗನಲ್ಲಿ ನಾನು ಒಂದು ವಿಷಯ ನೋಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ತಿಳಿದರೆ ಎಲ್ಲರೂ ಅದನ್ನೇ ಅಭ್ಯಾಸ ಮಾಡಿಕೊಂಡು ಬರುತ್ತಾರೆ.

ಇದರ ಮಧ್ಯೆ ಎಣ್ಣೆಯ ಒಂದು ಪ್ರಯೋಗವೂ ನಡೆಯಿತು. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಎಣ್ಣೆ ಮತ್ತೆ ಮತ್ತೆ ಕಾದಂತೆ ಹೆಚ್ಚುವ ಕೆಟ್ಟ ಅಂಶ) ಶೇ. 25 ದಾಟಬಾರದು ಎಂಬ ನಿಯಮ 2018ರ ಜುಲೈಯಿಂದ ಇದೆ. ಅಳೆಯುವ ಮೀಟರ್ ತಂದು ವಡೆ ಹುಡುಗನ ಕೈಗೇ ಕೊಟ್ಟೆ. ಎಸೆಯುವ ತೀರ್ಮಾನವೂ ಅವನದೇ. ಎಣ್ಣೆ ಖರ್ಚು ಏರುತ್ತದೆ ಅಂದುಕೊಂಡಿದ್ದೆ. ಇಳಿಯಿತು! ಪುಡಿ ಸೋಸುವುದು, ಬಿಡುವಿನಲ್ಲಿ ಉರಿ ತಗ್ಗಿಸುವುದು ಅವನೇ ಶುರು ಮಾಡಿದ.

ಅಲ್ಲಿಂದ ಮುಂದಿನ ಹೆಜ್ಜೆ ಹೊಳೆಯಿತು. ಮೂರು ಕೌಂಟರ್ ಕಲಿತವರಲ್ಲಿ ಇಬ್ಬರನ್ನು ಶಿಫ್ಟ್ ಲೀಡರ್ ಮಾಡಿ, ದಿನದ ಲೆಕ್ಕದ ಪುಸ್ತಕ ಅವರ ಮುಂದಿಟ್ಟೆ. ಹಾಲು, ಗ್ಯಾಸು, ಬಾಡಿಗೆ, ಸಂಬಳ, ಉಳಿದದ್ದು, ಎಲ್ಲ. ಪರಿಚಯದ ಮಾಲೀಕರೊಬ್ಬರು ನನಗೆ ತಲೆ ಕೆಟ್ಟಿದೆ ಎಂದರು. 'ಲಾಭ ನೋಡಿದರೆ ಸಂಬಳ ಜಾಸ್ತಿ ಕೇಳ್ತಾರೆ.' ಕೇಳಿದರು, ನಿಜ. ಕೊಟ್ಟೆ. ಆದರೆ ವಾರಕ್ಕೆ 19 ಕೆಜಿಯ ಒಂದು ಸಿಲಿಂಡರ್ ಉಳಿಯಿತು. ಸಂಜೆ ಮಿಕ್ಕುತ್ತಿದ್ದ ಸಾಂಬಾರು ಅರ್ಧಕ್ಕಿಳಿಯಿತು. ಇಪ್ಪತ್ತೈದು ಜನರಿಗೆ ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತೆ ಮೇಲ್ವಿಚಾರಕ ಇರಬೇಕು ಎನ್ನುತ್ತದೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ. ಆ ತರಬೇತಿಗೂ ನಾನು ಹೋಗದೆ ಅವರನ್ನೇ ಕಳಿಸಿದೆ. ಸರ್ಟಿಫಿಕೇಟು ಅವರ ಹೆಸರಲ್ಲೇ ಗೋಡೆಯ ಮೇಲಿದೆ.

ಇದರಲ್ಲಿ ಹೊಸದೇನಿಲ್ಲ ಎನ್ನುವವರಿಗೆ ಒಂದು ಮಾತು. ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ನಮ್ಮ ಕರಾವಳಿಯ ಹುಡುಗರು ಓದಿ ಮೇಲೆ ಬಂದರು. ಕೆಲಸದವನನ್ನು ಬೆಳೆಸುವುದು ನಮ್ಮ ಹೋಟೆಲು ಕಸುಬಿಗೆ ಗೊತ್ತಿದ್ದ ವಿದ್ಯೆ. ನಾವು ಯಾಕೆ ಬಿಡಬೇಕು?

ಮೊದಲು ವರ್ಷಕ್ಕೆ ಅರ್ಧಕ್ಕರ್ಧ ಜನ ಬದಲಾಗುತ್ತಿದ್ದರು. ಈಗ ಐದಾರು ಜನ ಹೋದರೆ ಹೆಚ್ಚು. ಎರಡನೇ ಅಂಗಡಿಯನ್ನು ಪೂರ್ತಿ ನಡೆಸುತ್ತಿರುವವನು ಕ್ಲೀನಿಂಗ್‌ಗೆಂದು ಬಂದ ಒಡಿಶಾದ ಹುಡುಗ. ಕನ್ನಡದಲ್ಲೇ ಗಿರಾಕಿಗಳನ್ನು ಸಂಭಾಳಿಸುತ್ತಾನೆ, ಸಂಬಳ ನಾನು ಆ ಪದವೀಧರನಿಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಪಾರ್ಸೆಲ್ ಕೌಂಟರ್ ಮಾತ್ರ ಇನ್ನೂ ಸರಿಹೋಗಿಲ್ಲ. ಆ್ಯಪ್ ಆರ್ಡರ್‌ಗಳು ಒಮ್ಮೆಲೇ ಬಂದಾಗ ಚಟ್ನಿ ಬಿಟ್ಟುಹೋಗುತ್ತದೆ. ಸದ್ಯ ಪಾರ್ಸೆಲ್ ಹುಡುಗನಿಗೂ ಒಬ್ಬ ಡೆಲಿವರಿ ಹುಡುಗನಿಗೂ ಜೋಡಿ ಕಟ್ಟಿ ನೋಡುತ್ತಿದ್ದೇನೆ. ಚೀಲ ಎತ್ತುವ ಮೊದಲು ಇಬ್ಬರೂ ಸೇರಿ ಡಬ್ಬಿ ಎಣಿಸಬೇಕು. ಒಂದು ತಿಂಗಳ ದೂರು ಅರ್ಧಕ್ಕಿಳಿದರೆ ಇನ್ನೊಂದು ಅಂಗಡಿಯಲ್ಲೂ ಶುರು ಮಾಡುತ್ತೇನೆ.