ರೀಸೇಲ್ ಫ್ಲ್ಯಾಟ್: ರಿಪೇರಿ ಲೆಕ್ಕದಲ್ಲಿ ಎರಡೂಕಾಲು ಲಕ್ಷ ಇಳಿಸಿದ್ದು

"ಸಾರ್, ಇದು ರೀಸೇಲ್. ಇದ್ದದ್ದು ಇದ್ದ ಹಾಗೇ ತಗೋಬೇಕು. ಇನ್‌ಸ್ಪೆಕ್ಷನ್ ಅಂತ ಯಾರನ್ನಾದ್ರೂ ಕರ್ಕೊಂಡು ಬಂದ್ರೆ ಓನರ್ ಬೇರೆಯವರಿಗೆ ಕೊಟ್ಟುಬಿಡ್ತಾರೆ." ಬ್ರೋಕರ್ ಹೀಗೆ ಹೇಳಿದಾಗ ತಂಗಿ ನನ್ನ ಮುಖ ನೋಡಿದಳು. ನನ್ನ ಹೆಂಡತಿಯಂತೂ ಮನೆಯಿಂದ ಹೊರಡುವಾಗಲೇ "ಇದನ್ನೂ ಕೆಡಿಸಬೇಡಿ" ಎಂದಿದ್ದಳು.

ಕೆಡಲಿಲ್ಲ. ತಂಗಿಗೆಂದು ನೋಡಿದ ಫ್ಲ್ಯಾಟ್ ಅದು: ಬೆಂಗಳೂರಿನ ಬನಶಂಕರಿ 3ನೇ ಹಂತ, 12 ವರ್ಷ ಹಳೆಯ ಕಟ್ಟಡ, ಮೂರನೇ ಮಹಡಿ, ಹೆಚ್ಚುಕಡಿಮೆ 1,180 ಚದರ ಅಡಿ. 83 ಲಕ್ಷಕ್ಕೆ ಮಾತಾಗಿತ್ತು. ಕೊನೆಗೆ 80.75ಕ್ಕೆ ರಿಜಿಸ್ಟರ್ ಆಯಿತು. ಇನ್ವರ್ಟರ್, ಗೀಸರ್ ಎರಡನ್ನೂ ಅವರೇ ಬಿಟ್ಟು ಹೋದರು. ಹೇಗೆ ಅಂತ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. 2018ರಲ್ಲಿ ನನ್ನದೇ ಮನೆ ಕೊಂಡಾಗ ಬೆಡ್‌ರೂಮಿನ ಗೋಡೆಯಲ್ಲಿ ತೇವ ಇತ್ತು. ಓನರ್ "ರಿಪೇರಿ ಮಾಡಿಸಿಯೇ ಕೀ ಕೊಡ್ತೀನಿ" ಎಂದರು. ಮಾಡಿಸಿದರು ಕೂಡ. ಪುಟ್ಟಿ ಬಳಿದು, ಮೇಲೆ ಎರಡು ಕೋಟ್ ಪೇಂಟ್. ಗೋಡೆ ಹಾಲಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಜುಲೈ ಮಳೆಗೆ ಪೇಂಟ್ ಹಪ್ಪಳದಂತೆ ಎದ್ದು ಬಂತು. ಆಮೇಲೆ ನನಗೆ ಬಿದ್ದ ಖರ್ಚು 1.4 ಲಕ್ಷದ ಆಸುಪಾಸು. ಮಾರುವವರು ಮಾಡಿಸುವ ರಿಪೇರಿ ರಿಜಿಸ್ಟ್ರೇಷನ್ ದಿನದವರೆಗೆ ಬಾಳಿದರೆ ಅವರಿಗೆ ಸಾಕು. ಅವರನ್ನು ಬೈದು ಏನು ಪ್ರಯೋಜನ, ಅವರ ಜಾಗದಲ್ಲಿದ್ದರೆ ನಾನೂ ಅಷ್ಟೇ ಮಾಡುತ್ತಿದ್ದೆನೇನೋ. ಅಂದಿನಿಂದ ರಿಪೇರಿ ಮಾಡಿಸಿ ಕೊಡಿ ಅಂತ ಯಾರನ್ನೂ ಕೇಳಿಲ್ಲ. ದುಡ್ಡು ಇಳಿಸಿ ಅಂತಲೇ ಕೇಳುವುದು.

ಎರಡನೆಯದು 2022ರಲ್ಲಿ, ಭಾವಮೈದುನನಿಗೆ ನೋಡಿದ ಮನೆ. ಈ ಸಲ ಜಾಣನಾಗಿದ್ದೆ, ಸುಮಾರು 9 ಸಾವಿರ ಕೊಟ್ಟು ಇನ್‌ಸ್ಪೆಕ್ಷನ್ ಮಾಡಿಸಿದೆ. ನಲವತ್ತು ಪುಟದ ರಿಪೋರ್ಟ್ ಬಂತು. ಅರವತ್ತಕ್ಕೂ ಜಾಸ್ತಿ ತಪ್ಪುಗಳು, ಕೆಂಪು ಬಾಣದ ಗುರುತು ಹಾಕಿದ ಫೋಟೋಗಳು. ಇಡೀ ರಿಪೋರ್ಟನ್ನು ಹಾಗೇ ಓನರ್ ವಾಟ್ಸಾಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಉತ್ತರ: "ನಿಮಗೆ ಹೊಸ ಮನೆನೇ ಸರಿ." ವಾರದಲ್ಲಿ ಬೇರೆಯವರಿಗೆ ಕೊಟ್ಟರು. ಅಡ್ವಾನ್ಸ್ ಕೊಟ್ಟಿರಲಿಲ್ಲ, ಅವರನ್ನು ಹಿಡಿದಿಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಭಾವಮೈದುನ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಹಾಗಾಗಿ ತಂಗಿಯ ಮನೆಗೆ ಕ್ರಮ ಬದಲಿಸಿದೆ. ಮೊದಲು ಟೋಕನ್, ಆಮೇಲೆ ಇನ್‌ಸ್ಪೆಕ್ಷನ್, ಅದಾದ ಮೇಲೆ ಅಗ್ರಿಮೆಂಟ್. ಒಂದು ಲಕ್ಷ ಟೋಕನ್ ಕೊಟ್ಟೆವು. ರಸೀದಿಯಲ್ಲಿ ಒಂದು ಸಾಲು ಬರೆಸಿದೆ: 15 ದಿನದೊಳಗೆ ಕಾಗದಪತ್ರ ಅಥವಾ ಮನೆಯ ಸ್ಥಿತಿ ಒಪ್ಪಿಗೆಯಾಗದಿದ್ದರೆ ಹಣ ವಾಪಸ್. "ಮನೆಯ ಸ್ಥಿತಿ" ಎಂಬ ಎರಡು ಪದಕ್ಕೆ ಬ್ರೋಕರ್ ತಕರಾರು ತೆಗೆದ. ಓನರ್ ನಿವೃತ್ತರು, ಸಮಾಧಾನದ ಮನುಷ್ಯ. "ಇರಲಿ ಬಿಡಪ್ಪಾ, ಮನೆ ಚೆನ್ನಾಗೇ ಇದೆ" ಎಂದು ಸಹಿ ಹಾಕಿದರು.

2024ರ ಅಕ್ಟೋಬರ್ ಮಳೆ ನೆನಪಿದೆ ಅಲ್ವಾ? ಅದೇ ವಾರ ಇನ್‌ಸ್ಪೆಕ್ಟರ್ ಬಂದದ್ದು ನಮ್ಮ ಅದೃಷ್ಟ. ಬೇಸಿಗೆಯಲ್ಲಿ ಗೋಡೆಯ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಹಿಡಿದು ಏನು ಕಾಣುತ್ತೆ? ಹುಡುಗ ಚುರುಕು. ಮೂರು ದೀಪದ ಟೆಸ್ಟರನ್ನು ಒಂದೊಂದೇ ಸಾಕೆಟ್ಟಿಗೆ ಚುಚ್ಚುತ್ತಾ ಹೋದ. ಹತ್ತೊಂಬತ್ತೋ ಇಪ್ಪತ್ತೋ ಸಾಕೆಟ್, ಏಳರಲ್ಲಿ ಅರ್ತಿಂಗ್ ಇಲ್ಲ. ಅದರಲ್ಲಿ ಗೀಸರ್ ಪಾಯಿಂಟೂ ಒಂದು. ಸ್ವಿಚ್‌ಗಳ ಮುಖ್ಯ ಪೆಟ್ಟಿಗೆ ಡಿಬಿಯಲ್ಲಿ ಆರ್‌ಸಿಸಿಬಿಯೇ ಇಲ್ಲ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಕಡಿತ ಮಾಡುವ ಸ್ವಿಚ್. ಅಡುಗೆಮನೆಯ ಸಿಂಕ್ ಕೆಳಗಿನ ಪ್ಲೈವುಡ್ಡನ್ನು ಸ್ಕ್ರೂಡ್ರೈವರಿನಿಂದ ಒತ್ತಿದ, ರಸ್ಕಿನ ಹಾಗೆ ಒಳಗೆ ಹೋಯಿತು. ಗೆದ್ದಲು.

ಬಚ್ಚಲಿನ ಪರೀಕ್ಷೆ ಮಾತ್ರ ನಾನೇ ಮಾಡಿದೆ. ನೀರು ನಿಲ್ಲಿಸಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಒಂದೇ ಬಚ್ಚಲಲ್ಲಿ ಮಾಡಿದರೆ ಓನರ್ "ಅದು ಆವಿಯಾಗಿದೆ" ಎನ್ನುತ್ತಾರೆ. ಅದಕ್ಕೇ ಎರಡರಲ್ಲೂ ಒಟ್ಟಿಗೆ ಮಾಡಿದೆ, ಆವಿಯಾಗಿದ್ದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇಳಿಯಬೇಕು. ಪ್ಲಾಸ್ಟಿಕ್ ಕವರಿಗೆ ಮರಳು ತುಂಬಿ ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಮುಚ್ಚಿ, ಒಂದಿಂಚು ನೀರು ಬಿಟ್ಟು, ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆದು, ಬಾಗಿಲು ಮುಚ್ಚಿ ಬಂದೆ. ಮರುದಿನ ಹೊತ್ತಿಗೆ ಹೊರಗಿನ ಬಚ್ಚಲಲ್ಲಿ 2 ಮಿ.ಮೀ. ಇಳಿದಿತ್ತು. ಮಾಸ್ಟರ್ ಬೆಡ್‌ರೂಮಿನದರಲ್ಲಿ 9. ಸ್ಕೇಲ್ ಹಿಡಿದು ಓನರ್ ಕೈಯಲ್ಲೇ ಅಳೆಸಿದೆ. ಅವರು ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಅಳೆದರು.

ಇದಕ್ಕೂ ಮುಂಚೆ ನಮ್ಮ ಮನೆಯಲ್ಲೇ ಇನ್ನೊಂದು ಪ್ರಯೋಗ ಮಾಡಿದ್ದೆ. ನಿಲ್ಲಿಸಿದ ನೀರಿಗೆ ಬಣ್ಣ ಹಾಕಿದರೆ ಕೆಳಗೆ ಅದೇ ಬಣ್ಣ ಇಳಿಯುತ್ತದಾ ಅಂತ ನೋಡಬೇಕಿತ್ತು. ಕೈಗೆ ಸಿಕ್ಕಿದ್ದು ಅರಿಶಿನ. ಸುಣ್ಣ ಸೇರಿದರೆ ಅರಿಶಿನ ಕೆಂಪಾಗುತ್ತದೆ ಅನ್ನೋದು ತಲೆಗೇ ಹೊಳೆಯಲಿಲ್ಲ. ಸಿಮೆಂಟ್, ಸೋಪು ಇದ್ದ ಕಡೆಯೆಲ್ಲ ಕೆಂಪು, ಬಚ್ಚಲು ಪೂರ್ತಿ ಓಕುಳಿ. ಗ್ರೌಟ್ ಉಜ್ಜಿ ಉಜ್ಜಿ ಒಂದು ಭಾನುವಾರ ಹೋಯಿತು. ಎರಡು ಸಾವಿರದ ಮಾಯಿಶ್ಚರ್ ಮೀಟರ್ ಕೂಡ ತಂದಿದ್ದೆ. ಉಪ್ಪು ಬಿಟ್ಟ ಗೋಡೆಯಲ್ಲಿ ಅದು ಒಣಗಿದ್ದರೂ ಜಾಸ್ತಿ ತೋರಿಸುತ್ತದೆ. ಅದರ ಅಂಕಿ ಹಿಡಿದುಕೊಂಡು ಯಾರ ಹತ್ತಿರವೂ ವಾದಕ್ಕೆ ಹೋಗಬೇಡಿ.

ನಿಜವಾದ ಆಧಾರ ಸಿಕ್ಕಿದ್ದು ಕೆಳಗಿನ ಮನೆಯಲ್ಲಿ. ಅಲ್ಲಿನ ಆಂಟಿ ಬಚ್ಚಲಿನ ಸೀಲಿಂಗ್ ತೋರಿಸಿದರು. ಹಳದಿ ಕಲೆ, ಅದರ ನಡುವೆ ಬಿಳಿ ಉಪ್ಪಿನ ಸಣ್ಣ ಸಣ್ಣ ಕಡ್ಡಿಗಳು ಜೋತಾಡುತ್ತಿದ್ದವು. ಕೆಳಗೆ ಒಂದು ನೀಲಿ ಮಗ್ಗು ಇಟ್ಟಿದ್ದರು. "ಎರಡು ವರ್ಷದಿಂದ ಅಸೋಸಿಯೇಷನ್‌ಗೆ ಬರೀತಿದೀನಿ ಕಣಪ್ಪಾ" ಎಂದು ಫೋನ್ ತೆಗೆದು ಮೇಲ್‌ಗಳನ್ನು ತೋರಿಸಿದರು. ಎಲ್ಲದರ ಪ್ರತಿ ಮೇಲಿನ ಮನೆಯ ಓನರಿಗೂ ಹೋಗಿತ್ತು. ಅಪರಿಚಿತನಾದ ನನಗೆ ಅವರು ಬಾಗಿಲು ತೆರೆದು ಇಷ್ಟೆಲ್ಲ ತೋರಿಸುವಂತೆ ಏನು ಮಾಡಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ.

ಆ ಮೇಲ್‌ಗಳಿಗೆ ಯಾಕೆ ಅಷ್ಟು ಬೆಲೆ? ಕಟ್ಟಡದ ದೋಷಕ್ಕೆ ರೇರಾ ಎಂಬ ರಿಯಲ್ ಎಸ್ಟೇಟ್ ಕಾಯ್ದೆ ಬಿಲ್ಡರನ್ನು ಹಿಡಿಯುವುದು ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಮಾತ್ರ. ಇಲ್ಲಿ ಅದು ಮುಗಿದ ಕಥೆ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಇದೆ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವಿದ್ದರೆ ಅವರೇ ಬಾಯಿಬಿಟ್ಟು ಹೇಳಬೇಕು. "ನನಗೆ ಗೊತ್ತೇ ಇರಲಿಲ್ಲ" ಎನ್ನುವ ದಾರಿಯನ್ನು ಆ ಮೇಲ್‌ಗಳು ಮುಚ್ಚಿದ್ದವು. ಮಾತುಕತೆಯಲ್ಲಿ ನಾನು ಸೆಕ್ಷನ್ ಸುದ್ದಿಯನ್ನೇ ಎತ್ತಲಿಲ್ಲ. ಕೆಳಗಿನ ಮನೆಗೆ ಹೋಗಿ ಬಂದೆ ಅಂತ ಮಾತ್ರ ಹೇಳಿದೆ. ಅಷ್ಟು ಸಾಕಾಯಿತು.

ನಲವತ್ತಮೂರು ಪುಟದ ರಿಪೋರ್ಟನ್ನು ಈ ಸಲ ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ. ಒಂದು ಹಾಳೆಯಲ್ಲಿ ಐದು ಸಾಲು ಬರೆದೆ. ಬಚ್ಚಲು ಪೂರ್ತಿ ಒಡೆದು ವಾಟರ್‌ಪ್ರೂಫಿಂಗ್ 1.7 ಲಕ್ಷ, ವೈರಿಂಗ್ 45 ಸಾವಿರ, ಅಡುಗೆಮನೆ ಕಬೋರ್ಡ್ 60, ಕೆಳಗಿನ ಮನೆ ಸೀಲಿಂಗ್ 25, ಕಿಟಕಿ 20. ಒಟ್ಟು 3.2 ಲಕ್ಷ. ಬಚ್ಚಲಿಗೆ ಮೂರು ಕಡೆ ಕೊಟೇಷನ್ ತಂದಿದ್ದೆ: 1.35, 1.7, 1.9. ನಡುವಿನದನ್ನು ಬರೆದು ಮೂರನ್ನೂ ಜೊತೆಗಿಟ್ಟೆ. ಕಡಿಮೆಯದನ್ನು ಬಚ್ಚಿಟ್ಟಿಲ್ಲ ಅಂತ ಕಂಡರೆ ಉಳಿದದ್ದನ್ನೂ ನಂಬುತ್ತಾರೆ. ಗೀಚಿದ ಟೈಲ್ಸ್, ಸಡಿಲ ಬಾಗಿಲು, ಪೇಂಟ್, ಯಾವುದೂ ಪಟ್ಟಿಯಲ್ಲಿ ಇರಲಿಲ್ಲ.

ಬ್ರೋಕರನ್ನು ಹಿಂದಿನ ದಿನವೇ ಸರಿಮಾಡಿಕೊಂಡಿದ್ದೆ. ಬೆಲೆ ಎಷ್ಟೇ ಇಳಿಯಲಿ, ಒಂದು ಪರ್ಸೆಂಟ್ ಕಮಿಷನ್ 83ರ ಮೇಲೇ ಕೊಡುತ್ತೇನೆ ಎಂದೆ. ನನಗೆ ಜಾಸ್ತಿ ಬಿದ್ದದ್ದು 2,250 ರೂಪಾಯಿ. ಮಾತುಕತೆಯ ದಿನ ಆತ ನನ್ನ ಪರ ಮಾತಾಡಿದ ಅಂತಲ್ಲ. ಬಾಯಿ ಮುಚ್ಚಿ ಕೂತಿದ್ದ.

ಕಾಫಿ ಬಂತು. ಓನರ್ ಹಾಳೆ ಓದಿದರು. "ಐವತ್ತು ಸಾವಿರ ಬಿಡ್ತೀನಿ" ಎಂದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಗೀಸರ್ ಪಾಯಿಂಟಿನ ವಿಷಯ ಹೇಳಿದೆ. "ಮೊಮ್ಮಕ್ಕಳು ಬಂದಾಗ ಅಲ್ಲೇ ಸ್ನಾನ ಮಾಡ್ತಾರೆ" ಎಂದು ಅವರ ಹೆಂಡತಿ ಗಾಬರಿಯಾದರು. ಅದನ್ನು ಹೆದರಿಸಲು ಹೇಳಿದ್ದಲ್ಲ. ಮನೆ ಮಾರಿದರೂ ಮಾರದಿದ್ದರೂ ಅದನ್ನು ಅವರಿಗೆ ಹೇಳಲೇಬೇಕಿತ್ತು. ಆಮೇಲೆ ಲಕ್ಷಕ್ಕೆ ಬಂತು, ಒಂದೂವರೆಗೆ ಬಂತು, ಅಲ್ಲಿಗೆ ನಿಂತಿತು. ನಾನು ಮನೆಯವರನ್ನು ಕೇಳಿ ಹೇಳುತ್ತೇನೆ ಅಂತ ಎದ್ದೆ. ಮೂರು ದಿನ ಫೋನ್ ಮಾಡಲಿಲ್ಲ. ತಂಗಿ ದಿನಾ "ಅಣ್ಣಾ, ಹೋಗಲಿ ಒಪ್ಕೋ" ಅನ್ನುತ್ತಿದ್ದಳು. ನಾಲ್ಕನೇ ದಿನ ಅವರೇ ಕರೆದರು. ಆ ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದೆ. ಅದು ಮುಂದೆಯೂ ಬೇಕಾಗುತ್ತದೆ, ನನ್ನ ಹತ್ತಿರವೇ ಇರಲಿ. 2.25ಕ್ಕೆ ಮುಗಿಯಿತು. ಇನ್ವರ್ಟರ್, ಗೀಸರ್ ನಾನು ಕೇಳಿದ ತಕ್ಷಣ ಬಂದವು. ದುಡ್ಡು ಬಿಡಲು ಬಾರದ ಕೈಗೆ ವಸ್ತು ಬಿಡಲು ಬರುತ್ತದೆ.

ಇಳಿದ ಹಣವನ್ನು ನೇರ ಕ್ರಯಪತ್ರದ ಬೆಲೆಯಲ್ಲೇ ಇಳಿಸಿದೆವು. ಆ ಬೆಲೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ, ಅಂದರೆ ಗೈಡೆನ್ಸ್ ವ್ಯಾಲ್ಯೂಗಿಂತ ಮೇಲೇ ಇತ್ತು, ಹಾಗಾಗಿ ಆಗಿನ ದರದಲ್ಲಿ ಸ್ಟ್ಯಾಂಪ್, ರಿಜಿಸ್ಟ್ರೇಷನ್ ಎಲ್ಲ ಸೇರಿ ಇನ್ನೊಂದು 14-15 ಸಾವಿರ ಉಳಿಯಿತು. ಒಂದು ಎಚ್ಚರ: ಬೆಲೆಯ 80 ಪರ್ಸೆಂಟ್ ಸಾಲ ಪೂರ್ತಿ ಎತ್ತುವವರಾದರೆ, ಬೆಲೆ ಇಳಿದಷ್ಟೂ ಸಾಲವೂ ಇಳಿಯುತ್ತದೆ. 2.25 ಇಳಿದರೆ ಕೈಯಲ್ಲಿ ಉಳಿಯೋದು 45 ಸಾವಿರ, ರಿಪೇರಿ ದುಡ್ಡನ್ನು ಬೇರೆ ಹೊಂದಿಸಬೇಕು. ತಂಗಿಯ ಸಾಲ 55 ಲಕ್ಷ ಅಷ್ಟೇ, ನಮಗೆ ಆ ತೊಂದರೆ ಬರಲಿಲ್ಲ.

ಕೆಲಸಕ್ಕೆ ಖರ್ಚಾದದ್ದು ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಬಚ್ಚಲೊಂದೇ 1.8 ತಿಂದಿತು. ಒಡೆದಾಗ ಟೈಲ್ಸ್ ಕೆಳಗಿನ ಇಟ್ಟಿಗೆ ಚೂರು ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು. ಕಿಟಕಿಗೆ ನಾನೇ ಸಿಲಿಕಾನ್ ಎಳೆದೆ, 1,500 ರೂಪಾಯಿ. ಕೆಳಗಿನ ಆಂಟಿಯ ಸೀಲಿಂಗ್ ಮಾತ್ರ ಮೂರು ತಿಂಗಳು ಒಣಗಲು ಬಿಟ್ಟು ಆಮೇಲೆ ಮಾಡಿಸಿದೆವು. ಕಳೆದ ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿ ಬಂದೆ. ನೀಲಿ ಮಗ್ಗು ಬಕೆಟ್ಟಿಗೆ ವಾಪಸ್ ಹೋಗಿದೆ.

ಅಡುಗೆಮನೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದನ್ನು ಮಾತ್ರ ಇನ್‌ಸ್ಪೆಕ್ಟರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಪೈಪ್ ಒಳಗೆ ಬೋರ್ ನೀರಿನ ಸುಣ್ಣ ಕಟ್ಟಿಕೊಂಡಿತ್ತು. ಅದಕ್ಕೆ 9 ಸಾವಿರ ಹೋಯಿತು. ಆ ದುಡ್ಡಿನ ಲೆಕ್ಕವನ್ನು ತಂಗಿ ಈಗಲೂ ನನ್ನ ಹತ್ತಿರವೇ ಕೇಳುತ್ತಾಳೆ.